ನಾಳೆಪ್ಪನ ಪ್ರಶ್ನೆಪತ್ರಿಕೆ

ಬೀಗ ರಿಪೇರಿ ಮಾಡುವವನ ದಾರಿಗೇ ಬೀಗ ಬಿದ್ದ ಕಥೆ ಇದು. ನಗುವವರು ಈಗಲೇ ನಕ್ಕುಬಿಡಿ. ಮುಂದೆ ಕೋರ್ಟು ಬರುತ್ತದೆ, ಅಲ್ಲಿ ನಗುವ ಹಾಗಿಲ್ಲ.

ಅವನ ನಿಜವಾದ ಹೆಸರು ಅವನ ಹೆಂಡತಿಗೂ ಅಂಚೆಯವನಿಗೂ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಬೀದಿಯವರೆಲ್ಲ ನಾಳೆಪ್ಪ ಎನ್ನುತ್ತಿದ್ದರು. ಮುರಿದ ಬೀಗದಕೈ ತಂದುಕೊಟ್ಟರೂ, ತುಕ್ಕು ಹಿಡಿದ ಚಿಲಕ ತಂದುಕೊಟ್ಟರೂ ಅವನ ಬಾಯಲ್ಲಿ ಬರುವುದು ಒಂದೇ ಮಾತು: "ನಾಳೆ ಬನ್ನಿ." ಹಾಗೆಂದು ಅವನು ಸೋಮಾರಿಯಲ್ಲ, ಮೋಸಗಾರನಂತೂ ಅಲ್ಲವೇ ಅಲ್ಲ. 'ಆಗುವುದಿಲ್ಲ' ಎನ್ನಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ, ಅಷ್ಟೆ. ಅಪ್ಪನ ಕಾಲದ ಬೋರ್ಡಿಗೆ ಹೊಸ ಬಣ್ಣ ಹೊಡೆಸಿ ಬೀದಿಯ ಕಡೆ ನೇತುಹಾಕಿ, ಕೆಳಗೆ ತನ್ನದೇ ಒಂದು ಸಾಲು ಸೇರಿಸಿದ್ದ: 'ನಾವು ತೆಗೆಯದ ಬೀಗವಿಲ್ಲ.' ಇಂಥ ಸಾಲು ಬರೆಸಿಕೊಂಡ ಮನುಷ್ಯ 'ಇದು ನನ್ನ ಕೈಲಾಗಲ್ಲ' ಎಂದು ಹೇಗಾದರೂ ಹೇಳಿಯಾನು? ನಾಳೆ ಎಂದರೆ ಮಾನ ಉಳಿಯುತ್ತದೆ. ಹೀಗೆ ಮಾನ ಉಳಿಸಿಕೊಟ್ಟ ಒಂದೆರಡು ಸಾಮಾನುಗಳು ಅವನ ಬೆಂಚಿನ ಕೆಳಗೆ ಗೋಣಿಚೀಲ ಹೊದ್ದು ಕೂತಿದ್ದವು. ಕಣ್ಣಿಗೆ ಬೀಳದ್ದನ್ನು ಮರೆಯುವುದರಲ್ಲಿ ನಾಳೆಪ್ಪನನ್ನು ಮೀರಿಸುವವರಿರಲಿಲ್ಲ.

ಅಂಗಡಿ ಇದ್ದದ್ದು ಮನೆಯ ಹಿಂದೆ. ಬೀದಿಯಿಂದ ಅಲ್ಲಿಗೆ ಹೋಗಲು ಅವನ ಮನೆಗೂ ಪಕ್ಕದ ಬೇಕರಿಗೂ ನಡುವೆ ಒಂದು ಓಣಿ. ಇಬ್ಬರು ಎದುರುಬದುರಾದರೆ ಒಬ್ಬರು ಹೊಟ್ಟೆ ಒಳಗೆಳೆದುಕೊಳ್ಳಬೇಕು, ಅಷ್ಟು ಅಗಲ. ಕಾಗದದ ಪ್ರಕಾರ ಓಣಿ ಬೇಕರಿಯದು. ನಡೆದಾಡುವುದು ಮಾತ್ರ ಎರಡೂ ಮನೆಯವರು, ಅಪ್ಪಂದಿರ ಕಾಲದಿಂದ.

ಒಂದು ಬೆಳಿಗ್ಗೆ ನೋಡಿದರೆ ಓಣಿಯ ಕಬ್ಬಿಣದ ಗೇಟಿಗೆ ಮುಷ್ಟಿ ಗಾತ್ರದ ಹಿತ್ತಾಳೆ ಬೀಗ! ನಾಳೆಪ್ಪನಿಗೆ ಅದರ ಗುರುತು ತಕ್ಷಣ ಸಿಕ್ಕಿತು. ಹಿಂದಿನ ದಿನ ಬೇಕರಿಯವನ ನಾದಿನಿ ಬಂದು "ಗಟ್ಟಿಯಾಗಿರೋದು ಒಂದು ಕೊಡಿ" ಎಂದಾಗ ಇವನೇ ಮಾರಿದ್ದ. ಮಾರುವಾಗ ಒಂದು ಮಾತನ್ನೂ ಹೇಳಿದ್ದ: "ತಗೊಳ್ಳಮ್ಮ, ಇದರ ಒಳಗೆ ನೊಣ ನುಗ್ಗೋಕೂ ಆಗಲ್ಲ."

ಅವನು ಬೇಕರಿಯ ಕಿಟಕಿಯ ಕೆಳಗೆ ನಿಂತು ಕೂಗಿದ. ಬೇಕರಿಯವನು ಮೊಣಕೈವರೆಗೂ ಹಿಟ್ಟು ಮಾಡಿಕೊಂಡೇ ತಲೆ ಹೊರಹಾಕಿದ.

"ಏನ್ರೀ ಇದು?"

"ಬೀಗ. ನಿಮ್ಮ ಅಂಗಡೀದೇ."

"ಅದು ಗೊತ್ತು! ಯಾಕೆ ಹಾಕಿದ್ರಿ ಅಂತ!"

"ಯಾಕೆ ಅಂತ ನಿಮಗೇ ಗೊತ್ತು."

"ನನಗೇನು ಗೊತ್ತು?"

"ಇವತ್ತು ಗೊತ್ತಾಗದೆ ಇದ್ರೆ ನಾಳೆ ಗೊತ್ತಾಗುತ್ತೆ ಬಿಡಿ," ಎಂದು ಬೇಕರಿಯವನು ಕಿಟಕಿ ಬಡಿದ. ನಾಳೆಪ್ಪನ ತಲೆಯ ಮೇಲೆ ಒಂದು ಹಿಡಿ ಹಿಟ್ಟು ಉದುರಿತು.

ಇಷ್ಟು ಹೇಳಿದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಸ್ವಲ್ಪ ಯೋಚಿಸುತ್ತಿದ್ದರು. ನಾಳೆಪ್ಪ ಯೋಚಿಸಲಿಲ್ಲ. ಜಾಗ ನುಂಗುವ ಹುನ್ನಾರ ಎಂದು ನಿಂತಲ್ಲೇ ತೀರ್ಮಾನಿಸಿಬಿಟ್ಟ.

"ನೀವು ಬೀಗ ತೆಗೆಯೋರು ತಾನೆ? ತೆಗೀರಿ," ಎಂದಳು ಹೆಂಡತಿ. ಆದರೆ ಅವನು ಸಲಹೆಗೆ ಹೋದ ವಕೀಲಮ್ಮ ಮಾತ್ರ ಕಣ್ಣು ಬಿಟ್ಟು ಹೇಳಿದರು: "ಮುಟ್ಟಿದ್ರೆ ನೀವೇ ಕಳ್ಳರಾಗ್ತೀರಿ. ಓಣೀಲಿ ಓಡಾಡೋ ಹಕ್ಕು ನಮಗೂ ಇದೆ ಅಂತ ಕೇಸು ಹಾಕೋಣ. ತೀರ್ಮಾನ ಆಗೋವರೆಗೂ ಆ ಬೀಗಕ್ಕೆ ನಿಮ್ಮ ಉಸಿರೂ ತಾಗಬಾರದು."

"ದಾಖಲೆ ಏನಾದ್ರೂ ಇದೆಯಾ?" ಎಂದೂ ಕೇಳಿದರು. ನಾಳೆಪ್ಪ ಜೇಬಿನಿಂದ ಒಂದು ಹಳೆಯ ಬೀಗದಕೈ ತೆಗೆದಿಟ್ಟ. ಅಪ್ಪಂದಿರ ಕಾಲದಲ್ಲಿ ಆ ಗೇಟಿಗೆ ಒಂದು ಬೀಗ ಇತ್ತಂತೆ. ಅದನ್ನು ಮಾಡಿದವನು ನಾಳೆಪ್ಪನ ಅಪ್ಪನೇ. ಎರಡು ಬೀಗದಕೈ: ಒಂದು ದೊಡ್ಡ ಬೇಕರಿಯವರ, ಅಂದರೆ ಈಗಿನ ಬೇಕರಿಯವನ ಅಪ್ಪನ ಕುತ್ತಿಗೆಯಲ್ಲಿ, ಇನ್ನೊಂದು ಇವರ ಅಂಗಡಿಯ ಮೊಳೆಯಲ್ಲಿ. ಆ ಬೀಗ ತುಕ್ಕು ಹಿಡಿದು ಉದುರಿಹೋಗಿ ಕಾಲವಾಗಿತ್ತು.

"ಬೀಗವೇ ಇಲ್ಲದ ಕೀ ಇಟ್ಕೊಂಡು ನಾನೇನು ಮಾಡ್ಲಿ?" ಎಂದರು ವಕೀಲಮ್ಮ. ಆದರೂ ಒಂದು ಲಕೋಟೆಗೆ ಹಾಕಿ ಕಡತಕ್ಕೆ ಸೇರಿಸಿದರು.

ಅಂದಿನಿಂದ ಗಿರಾಕಿಗಳು ನಾಳೆಪ್ಪನ ಮನೆಯೊಳಗಿಂದಲೇ ಅಂಗಡಿಗೆ ಹೋಗಬೇಕಾಯಿತು. ಮುಂದಿನ ಕೋಣೆ, ಮಲಗುವ ಕೋಣೆ, ಅಡುಗೆಮನೆ, ಆಮೇಲೆ ಬೆಂಚು. ಒಬ್ಬ ತನ್ನ ಸೈಕಲ್ಲನ್ನೂ ಜೊತೆಗೆ ತಳ್ಳಿಕೊಂಡು ಬಂದ. ಇನ್ನೊಬ್ಬ ಮಂಚದ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಂಡ. ಮೂರನೆಯವನು ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ತೆಗೆದು, ಒಂದು ಚಮಚ ರುಚಿ ನೋಡಿ, "ಇನ್ನೊಂಚೂರು ಉಪ್ಪು ಬೇಕಿತ್ತು ಅಕ್ಕಾ," ಎಂದ.

ಅವತ್ತು ಹೆಂಡತಿ ಸೌಟು ಕೆಳಗಿಟ್ಟು ಗಂಡನ ಮುಂದೆ ನಿಂತಳು. "ನೋಡಿ, ನಾನು ಜಗಳ ಆಡ್ತಿಲ್ಲ. ಕೇಸು ಗೆದ್ದು ಓಣಿ ಬಂತೋ, ಅಂಗಡಿ ಇರಲಿ. ಬರಲಿಲ್ವೋ, ಬೆಂಚು, ಮಿಷನ್ನು, ನಿಮ್ಮಪ್ಪನ ಸುತ್ತಿಗೆ ಎಲ್ಲ ಕಟ್ಟಿ ಅಟ್ಟದ ಮೇಲಿಡಿ. ಅಡುಗೆಮನೆ ನನ್ನದು."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ನಾಳೆಪ್ಪನಿಗೆ ಗೊತ್ತಿದ್ದದ್ದು ಅದೊಂದೇ ಕೆಲಸ. ಹನ್ನೆರಡನೆಯ ವಯಸ್ಸಿನಿಂದ ಆ ಬೆಂಚಿನ ಮುಂದೆ ಕೂತವನು.

ಬೇಕರಿಯವನ ಕಡೆಯಿಂದ ಕೋರ್ಟಿಗೆ ಉತ್ತರ ಬಂತು. 'ಓಣಿಯಲ್ಲಿ ಓಡಾಡಲು ವಾದಿಗೆ ಇದ್ದದ್ದು ಅನುಮತಿ ಮಾತ್ರ, ಹಕ್ಕಲ್ಲ. ಸಾಕಷ್ಟು ಕಾರಣವಿದ್ದು ಸದರಿ ಅನುಮತಿಯನ್ನು ಹಿಂತೆಗೆದುಕೊಳ್ಳಲಾಗಿದೆ.' ವಾದಿ ಎಂದರೆ ತಾನೇ ಎಂದು ತಿಳಿಯಲು ನಾಳೆಪ್ಪನಿಗೆ ಎರಡು ದಿನ ಹಿಡಿಯಿತು.

"ಇವರು ಸಾಕ್ಷಿ ಕಟ್ಟೆ ಹತ್ತೋವರೆಗೆ ಕಾಯೋಕಾಗಲ್ಲ," ಎಂದರು ವಕೀಲಮ್ಮ. "ವಿಚಾರಣೆಗೆ ಮುಂಚೇನೇ ನಾವು ಬರಹದಲ್ಲಿ ಪ್ರಶ್ನೆ ಕಳಿಸಬಹುದು. ಅವರು ಪ್ರಮಾಣ ಮಾಡಿ ಬರಹದಲ್ಲೇ ಉತ್ತರ ಕೊಡಬೇಕು. ತಪ್ಪಿಸಿಕೊಳ್ಳೋ ಹಾಗಿಲ್ಲ."

ನಾಳೆಪ್ಪನ ಕಿವಿ ನೆಟ್ಟಗಾಯಿತು. "ಏನು ಕೇಳಿದ್ರೂ ಹೇಳಬೇಕಾ?"

"ಏನು ಕೇಳಿದ್ರೂ ಅಲ್ಲ. ಅಗತ್ಯ ಇದ್ದದ್ದು. ಅವರಿಗೆ ಮಾತ್ರ ಗೊತ್ತಿರಬೇಕು, ನಮಗೆ ಬೇರೆ ದಾರೀಲಿ ತಿಳಿಯೋ ಹಾಗಿರಬಾರದು, ಅದು ತಿಳೀದೆ ಕೇಸು ತೀರ್ಮಾನ ಆಗೋ ಹಾಗಿರಬಾರದು. ಅಂಥದ್ದು ಮೂರೋ ನಾಲ್ಕೋ ಬರ್ಕೊಂಡು ಬನ್ನಿ." ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ನಾಳೆಪ್ಪ ಎದ್ದು ಬಂದ. ಇಷ್ಟು ಮಾತಿನಲ್ಲಿ ಅವನ ತಲೆಯೊಳಗೆ ಉಳಿದದ್ದು ಎರಡೇ: ನಾವು ಪ್ರಶ್ನೆ ಕೇಳಬಹುದು, ಅವನು ಉತ್ತರ ಬರೆಯಲೇಬೇಕು.

ಪ್ರಶ್ನೆ ಎಂದ ಮೇಲೆ ಅದಕ್ಕೆ ತಿಳಿದವರನ್ನೇ ಹಿಡಿಯಬೇಕಲ್ಲ. ಎದುರುಮನೆಯಲ್ಲಿ ಮೇಷ್ಟ್ರಿದ್ದರು. ನಿವೃತ್ತಿಯಾಗಿ ಹನ್ನೊಂದು ವರ್ಷವಾಗಿದ್ದರೂ ಅವರ ಕೈ ಕೆಂಪು ಶಾಯಿಗಾಗಿ ತುರಿಸುತ್ತಲೇ ಇತ್ತು. ವಿಷಯ ಕೇಳಿ ಕನ್ನಡಕ ಏರಿಸಿ ಕೇಳಿದರು:

"ಎಷ್ಟು ಅಂಕದ್ದು?"

"ಅಂಕ ಅಂತ ಏನೂ ಹೇಳಲಿಲ್ಲ ಮೇಷ್ಟ್ರೇ."

"ನೂರಕ್ಕೇ ಮಾಡೋಣ. ಮೂರು ಗಂಟೆ ಕಾಲಾವಕಾಶ."

ಮೇಷ್ಟ್ರ ಮನೆಯಲ್ಲಿ ದೀಪ ಹೊತ್ತುವ ಹೊತ್ತಿಗೆ ಬೀದಿಗೆ ಬೀದಿಯೇ ಅಲ್ಲಿ ನೆರೆದಿತ್ತು. ಬೇಕರಿಯವನಿಂದ ಪ್ರಮಾಣ ಮಾಡಿಸಿ ಉತ್ತರ ಪಡೆಯುವ ಅವಕಾಶ ದಿನಾ ಸಿಗುತ್ತದೆಯೇ? ಒಬ್ಬಳಿಗೆ ತನ್ನ ಏಣಿ ಎಲ್ಲಿ ಹೋಯಿತು ಎಂದು ತಿಳಿಯಬೇಕಿತ್ತು. ಇನ್ನೊಬ್ಬನಿಗೆ ಬೇಕರಿಯವನ ಬೆಕ್ಕು ಯಾರ ಅಪ್ಪಣೆಯ ಮೇಲೆ ತನ್ನ ಮಹಡಿಯಲ್ಲಿ ಮರಿ ಹಾಕಿತು ಎಂದು ತಿಳಿಯಬೇಕಿತ್ತು. ಮೇಷ್ಟ್ರು ಎಲ್ಲವನ್ನೂ ವಿಂಗಡಿಸಿ, ಕ್ರಮ ಸಂಖ್ಯೆ ಕೊಟ್ಟು, ಗುಂಡು ಅಕ್ಷರದಲ್ಲಿ ಇಳಿಸಿದರು.

ಕೊನೆಗೆ ಹೆಂಡತಿ ಬಂದಳು. "ಎಲ್ಲಾ ಕೇಳಿ ಆಯ್ತಾ? ಇಲ್ಲಿ ಕೊಡಿ ಪೆನ್ನು," ಎಂದು ಹಾಳೆಯ ತುದಿಯಲ್ಲಿ ಉಳಿದಿದ್ದ ಒಂದು ಬೆರಳಗಲ ಜಾಗದಲ್ಲಿ ಮೂರು ಮಾತು ಬರೆದಳು: 'ಬೀಗ ಯಾಕೆ ಹಾಕಿದಿರಿ?'

ಮೇಷ್ಟ್ರು ಮುಖ ಹುಳ್ಳಗೆ ಮಾಡಿದರು. "ಇಷ್ಟು ಸುಲಭದ್ದು ಕೇಳಿದ್ರೆ ದಡ್ಡನೂ ಪಾಸಾಗ್ತಾನಲ್ಲಮ್ಮ."

"ಆಗಲಿ ಬಿಡಿ," ಎಂದಳು.

ಮಾರನೆಯ ದಿನ ನಾಳೆಪ್ಪ ಹಾಳೆಗಳನ್ನು ವಕೀಲಮ್ಮನ ಕಚೇರಿಗೆ ಕೊಟ್ಟುಬಂದ. ಅವರಿಗೆ ಅಂದು ಮೂರು ಕೋರ್ಟಿನಲ್ಲಿ ಕೆಲಸ. ಟೈಪಿಸ್ಟ್ ಹುಡುಗಿ ಕೈಗೆ ಬಂದದ್ದನ್ನು ಇದ್ದ ಹಾಗೇ ಹೊಡೆಯುವವಳು. ಟೈಪ್ ಮಾಡುವಾಗ ಅವಳು ಓದುವುದಿಲ್ಲ, ಓದಿದರೆ ವೇಗ ಕಡಿಮೆಯಾಗುತ್ತದೆ ಎನ್ನುತ್ತಿದ್ದಳು. ವಕೀಲಮ್ಮ ಮೆಟ್ಟಿಲಿಳಿಯುತ್ತಲೇ ಎಲ್ಲಿ ಸಹಿ ಎಂದು ಕೇಳಿ ಅಲ್ಲಿ ಸಹಿ ಹಾಕಿದರು. ಹೀಗೆ ನಲವತ್ತೊಂದು ಪ್ರಶ್ನೆಗಳು ನ್ಯಾಯಾಲಯದ ಮೊಹರು ಬಡಿಸಿಕೊಂಡು ಒಳಗೆ ಹೋದವು.

ಜಡ್ಜ್ ಸಾಹೇಬರು ತೆಳ್ಳನೆಯ ಮನುಷ್ಯ, ಮೆಲ್ಲನೆಯ ದನಿ. ಕೈಯಲ್ಲಿ ಒಂದು ಮೊಂಡು ಪೆನ್ಸಿಲ್ಲು. ಬೇಕರಿಯವನ ವಕೀಲರು ಎದ್ದು ನಿಂತು, "ಸ್ವಾಮಿ, ಈ ಪ್ರಶ್ನೆಗಳಿಗೆ ನನ್ನ ತೀವ್ರ ಆಕ್ಷೇಪಣೆ ಇದೆ," ಎಂದರು.

"ಕೂತ್ಕೊಳ್ಳಿ. ಒಂದೊಂದೇ ನೋಡೋಣ. ಅಗತ್ಯ ಇದ್ದದ್ದು ಉಳಿಯುತ್ತೆ, ಇಲ್ಲದ್ದು ಹೋಗುತ್ತೆ." ಜಡ್ಜರು ಹಾಳೆ ಎತ್ತಿ ಓದಿದರು. "ಬಿಟ್ಟ ಸ್ಥಳ ತುಂಬಿರಿ. ಒಂದು, ಪ್ರತಿವಾದಿಯು ಒಬ್ಬ ಡ್ಯಾಶ್."

ವಕೀಲಮ್ಮ ತಮ್ಮ ಪ್ರತಿಯನ್ನು ಗಬಕ್ಕನೆ ತೆಗೆದು ನೋಡಿದರು. ಅವರ ಮುಖ ನೋಡುವ ಹಾಗಿರಲಿಲ್ಲ.

"ಇದನ್ನ ಏನು ಅಂತ ತುಂಬಬೇಕು?" ಎಂದರು ಜಡ್ಜರು.

"ಎರಡಕ್ಷರದ ಪದ ಸ್ವಾಮಿ," ಎಂದ ನಾಳೆಪ್ಪ, ಸಹಾಯವಾಗಲಿ ಎಂದು.

"ಅಗತ್ಯವಿಲ್ಲ." ಪೆನ್ಸಿಲ್ಲು ಗೀರಿತು. "ಗುಂಪಿಗೆ ಸೇರದ ಪದ ಆರಿಸಿ. ನ್ಯಾಯ, ನೀತಿ, ಧರ್ಮ, ಬೇಕರಿಯವ. ಅಗತ್ಯವಿಲ್ಲ. ಹೊಂದಿಸಿ ಬರೆಯಿರಿ. ಅ ಪಟ್ಟಿ: ಏಣಿ, ಬೆಕ್ಕು, ಕೊಡೆ. ಆ ಪಟ್ಟಿ: ಕದ್ದದ್ದು, ಕೇಳದೆ ತಂದದ್ದು, ಕೊಡ್ತೀನಿ ಅಂದದ್ದು." ಅವರು ಕನ್ನಡಕದ ಮೇಲಿನಿಂದ ನೋಡಿದರು. "ಈ ಬೆಕ್ಕಿಗೂ ಓಣಿಗೂ ಏನು ಸಂಬಂಧ?"

"ಓಣಿಯಲ್ಲೇ ಓಡಾಡ್ತಿತ್ತು ಸ್ವಾಮಿ. ಅದಕ್ಕೂ ಅನುಮತಿ ಮಾತ್ರವೋ, ಹಕ್ಕಿತ್ತೋ ಅಂತ."

ಜಡ್ಜರು ಒಂದು ಗಳಿಗೆ ಯೋಚಿಸಿದರು. ಕಾನೂನಿನ ಪ್ರಕಾರ ಪ್ರಶ್ನೆ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಆದರೂ ಬೆಕ್ಕು ಈ ಕೇಸಿನಲ್ಲಿ ಕಕ್ಷಿದಾರನಲ್ಲ ಎಂದು ಹೇಳಿ ಗೀರಿದರು.

"ಕಾರಣ ಕೊಡಿ. ಪ್ರತಿವಾದಿಯ ಬ್ರೆಡ್ಡು ಅವರ ತಂದೆಯ ಕಾಲದ ಹಾಗೆ ಮೆತ್ತಗಿರುವುದಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಲ್ಲಿಯವರೆಗೂ ಎದೆ ಸೆಟೆದು ನಿಂತಿದ್ದ ಬೇಕರಿಯವನು ತಲೆ ತಗ್ಗಿಸಿದ. ಕಿವಿಯ ತುದಿಯವರೆಗೂ ಕೆಂಪಾಗಿದ್ದ. ನಾಳೆಪ್ಪ ಅದನ್ನು ಕಂಡು ಗುರಿ ತಾಗಿತು ಎಂದುಕೊಂಡ, ಆದರೆ ಯಾಕೋ ಅಷ್ಟು ಖುಷಿಯಾಗಲಿಲ್ಲ.

"ಅಗತ್ಯವಿಲ್ಲ," ಎಂದರು ಜಡ್ಜರು. ಹಾಗೆಯೇ ಪೆನ್ಸಿಲ್ಲು ಹಾಳೆಯಿಂದ ಹಾಳೆಗೆ ಇಳಿಯಿತು. 'ಸಂದರ್ಭಸಹಿತ ವಿವರಿಸಿ: ನಾಳೆ ಗೊತ್ತಾಗುತ್ತೆ ಬಿಡಿ' ಹೋಯಿತು. 'ನೆರೆಹೊರೆ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿ' ಹೋಯಿತು. 'ಯಾವುದಾದರೂ ಒಂದು ವಿಷಯ ಕುರಿತು ಪ್ರಬಂಧ ಬರೆಯಿರಿ: ದುರಾಸೆ ಅಥವಾ ನಾನು ಮಾಡಿದ ತಪ್ಪು' ಕೂಡ ಹೋಯಿತು. ಪ್ರೇಕ್ಷಕರ ಸಾಲಿನಲ್ಲಿ ಕೂತಿದ್ದ ಮೇಷ್ಟ್ರು ಪ್ರತಿ ಗೀರಿಗೂ ತಮಗೇ ಬೆತ್ತದೇಟು ಬಿದ್ದಂತೆ ನರಳಿದರು.

ಕೊನೆಯ ಹಾಳೆಯ ತುದಿಗೆ ಬಂದಾಗ ಪೆನ್ಸಿಲ್ಲು ನಿಂತಿತು.

"'ಬೀಗ ಯಾಕೆ ಹಾಕಿದಿರಿ?' ಇದನ್ನ ಬರೆದವರು ಯಾರು?"

"ಅದು ನಮ್ಮದಲ್ಲ ಸ್ವಾಮಿ, ನನ್ನ ಹೆಂಡತಿ ಗೀಚಿದ್ದು. ಅಂಕ ಕೂಡ ಇಲ್ಲ ಅದಕ್ಕೆ," ಎಂದ ನಾಳೆಪ್ಪ.

"ನಲವತ್ತೊಂದರಲ್ಲಿ ಅಗತ್ಯ ಇರೋದು ಇದೊಂದೇ." ಜಡ್ಜರು ಬೇಕರಿಯವನ ವಕೀಲರ ಕಡೆ ತಿರುಗಿದರು. "ಸಾಕಷ್ಟು ಕಾರಣವಿದ್ದು ಅಂತ ನೀವೇ ಬರೆದಿದ್ದೀರಿ. ಕಾರಣ ಏನು ಅಂತ ಎಲ್ಲೂ ಇಲ್ಲ. ಅದು ನಿಮ್ಮ ಕಕ್ಷಿದಾರನಿಗೆ ಮಾತ್ರ ಗೊತ್ತು. ಗೊತ್ತಾಗದೆ ಮುಂದೆ ಹೋಗೋದು ಹೇಗೆ? ಹತ್ತು ದಿನದಲ್ಲಿ ಪ್ರಮಾಣ ಮಾಡಿ ಉತ್ತರ ಕೊಡಿ."

ಹೊರಗೆ ಬಂದ ಮೇಲೆ ವಕೀಲಮ್ಮ ನಾಳೆಪ್ಪನಿಗೆ ಏನೇನು ಹೇಳಿದರು ಎನ್ನುವುದನ್ನು ಇಲ್ಲಿ ಬರೆಯುವುದು ಸಭ್ಯವಲ್ಲ.

ಒಂಬತ್ತನೆಯ ದಿನ ಉತ್ತರ ಬಂತು. ವಕೀಲಮ್ಮ ಅದನ್ನು ಎರಡು ಸಲ ಓದಿಕೊಂಡು, ಗಂಡಹೆಂಡತಿ ಇಬ್ಬರನ್ನೂ ಕೂರಿಸಿ ಗಟ್ಟಿಯಾಗಿ ಓದಿದರು.

'ನನ್ನ ತಂದೆ ತೀರಿಕೊಂಡ ಮೇಲೆ ಅವರ ಕಬ್ಬಿಣದ ಪೆಟ್ಟಿಗೆಯ ಬೀಗದಕೈ ಸಿಗಲಿಲ್ಲ. ಅವರು ಬ್ರೆಡ್ಡು ಮಾಡುವ ಕ್ರಮ, ಅಳತೆ ಎಲ್ಲ ಬರೆದಿಟ್ಟ ಪುಸ್ತಕ ಅದರಲ್ಲಿದೆ. ತಂದೆಯ ವಸ್ತುವಾದ್ದರಿಂದ ಒಡೆಯಬಾರದು, ಬೀಗ ತೆಗೆದುಕೊಡಿ ಎಂದು ಹೇಳಿ ವಾದಿಗೆ ಕೊಟ್ಟೆನು. ವಾದಿಯು ನಾಳೆ ಬನ್ನಿ ಎಂದರು. ಎರಡು ವರ್ಷ ಎರಡು ತಿಂಗಳು ದಿನವೂ ಬೆಳಿಗ್ಗೆ ಹೋಗಿ ಕೇಳಿದೆನು. ದಿನವೂ ನಾಳೆ ಎಂದರು. ತಾವು ತೆಗೆಯದ ಬೀಗವಿಲ್ಲ ಎಂದು ಬೋರ್ಡು ಹಾಕಿಕೊಂಡವರಾದ್ದರಿಂದ, ತೆಗೆದು ನೋಡಿ ಬೇಕೆಂದೇ ಇಟ್ಟುಕೊಂಡಿದ್ದಾರೆ ಎಂದು ತಿಳಿದೆನು. ನನ್ನ ತಂದೆಯ ವಸ್ತುವನ್ನು ಅವರು ಬೀಗದೊಳಗೆ ಇಟ್ಟರು. ಆದ್ದರಿಂದ ಅವರ ದಾರಿಗೆ ನಾನು ಬೀಗ ಹಾಕಿದೆನು.'

ವಕೀಲಮ್ಮ ಕಾಗದ ಕೆಳಗಿಟ್ಟರು.

"ಪೆಟ್ಟಿಗೆ ನಿಮ್ಮ ಹತ್ರ ಇದೆಯಾ?" ಎಂದರು ವಕೀಲಮ್ಮ.

"ಇದೆ," ಎಂದ ನಾಳೆಪ್ಪ. ಅವನ ದನಿ ಅವನಿಗೇ ಕೇಳಿಸಲಿಲ್ಲ. ಗೋಣಿಚೀಲದ ಕೆಳಗೆ ಕೂತಿದ್ದ ಆ ಪೆಟ್ಟಿಗೆ ಈಗ ಕಣ್ಣ ಮುಂದೆ ಬಂದು ನಿಂತಿತ್ತು. ದಿನಾ ಬೆಳಿಗ್ಗೆ ತಲೆಯೆತ್ತದೆ 'ನಾಳೆ' ಎಂದು ಎಂದು, ಬೇಕರಿಯವನು ಕೇಳುತ್ತಿದ್ದದ್ದು ಏನನ್ನು ಎಂಬುದೇ ಅವನಿಗೆ ಮರೆತುಹೋಗಿತ್ತು.

"ಅವರೂ ಒಂದು ಪ್ರಶ್ನೆ ಕಳಿಸಿದ್ದಾರೆ. ಒಂದೇ. ಕೋರ್ಟು ಅಗತ್ಯ ಅಂತ ಒಪ್ಪಿದೆ: 'ಸದರಿ ಪೆಟ್ಟಿಗೆಯನ್ನು ಇದುವರೆಗೆ ತೆಗೆಯದಿರಲು ಕಾರಣವೇನು?' ಈಗ ನೀವು ಹೇಳಿ."

"ಕೆಲಸದ ಒತ್ತಡ ಅಂತ ಬರೀರಿ."

"ಎರಡು ವರ್ಷ ಒತ್ತಡವಾ? ಪ್ರಮಾಣ ಮಾಡ್ತೀರಾ?"

"ಹಂಗಾದ್ರೆ... ತೆಗೆಯೋನಿದ್ದೆ, ಅಷ್ಟರಲ್ಲಿ ಕೇಸಾಯ್ತು ಅಂತ."

"ಸುಳ್ಳು ಪ್ರಮಾಣ ಮಾಡಿದ್ರೆ ಓಣಿ ಅಲ್ಲ, ನೀವೇ ಒಳಗೆ ಹೋಗ್ತೀರಿ."

"ಉತ್ತರ ನಾಳೆ ಕೊಟ್ರೆ?"

"ಉತ್ತರ ಕೊಡದೆ ಇದ್ರೆ ನಮ್ಮ ಕೇಸೇ ವಜಾ. ಅಂಗಡಿ ಅಟ್ಟಕ್ಕೆ."

ನಾಳೆಪ್ಪ ಹೆಂಡತಿಯ ಕಡೆ ನೋಡಿದ. ಅಪ್ಪ ಕೈ ಹಿಡಿದು ಕಲಿಸಿದ ಕೆಲಸ. ಬರಲಿಲ್ಲ ಎಂದು ಬರೆದುಕೊಟ್ಟು, ಅದಕ್ಕೆ ಸರ್ಕಾರದ ಮೊಹರು ಬಡಿಸಿಕೊಳ್ಳುವುದಕ್ಕಿಂತ ಭೂಮಿ ಬಾಯಿ ಬಿಟ್ಟರೆ ಇಳಿದುಹೋಗಬಹುದು ಅನಿಸಿತು.

"ನನಗೆ ಗೊತ್ತಿತ್ತು," ಎಂದಳು ಹೆಂಡತಿ.

"ಏನು?"

"ಅದನ್ನ ತೆಗೆಯೋಕೆ ನಿಮಗೆ ಬರಲ್ಲ ಅಂತ. ಆ ಬೆಂಚಿನ ಕೆಳಗೆ ಮುರಿದ ತಂತಿ ಗುಡಿಸೋಳು ನಾನಲ್ವಾ?"

"ಮತ್ತೆ ಒಂದಿನಾನೂ ಹೇಳಲಿಲ್ಲ?"

"ನೀವು ಒಂದಿನಾನೂ ಕೇಳಲಿಲ್ಲ."

ಪ್ರಮಾಣ ಮಾಡಿಸುವ ಅಧಿಕಾರಿ ಕೋರ್ಟಿನ ವರಾಂಡದ ಮೂಲೆಯಲ್ಲಿ ಕೂರುತ್ತಿದ್ದರು. ಅವರಿಗೆ ಕಿವಿ ಮಂದ, ಹಾಗಾಗಿ ಜಗತ್ತಿಗೆಲ್ಲ ಕಿವಿ ಮಂದ ಎಂದು ತಿಳಿದು ಮಾತಾಡುವವರು. ವರಾಂಡ ತುಂಬ ಜನ. ಅದರಲ್ಲಿ ನಾಲ್ವರು ನಾಳೆಪ್ಪನ ಗಿರಾಕಿಗಳು. ಒಬ್ಬ ಉಪ್ಪು ಕಮ್ಮಿ ಎಂದವನೇ.

ಅಧಿಕಾರಿ ಕಾಗದವನ್ನು ದೂರ ಹಿಡಿದು ಓದಿದರು: "ಸದರಿ ಬೀಗವನ್ನು ತೆಗೆಯಲು ನನಗೆ ಬರಲಿಲ್ಲ! ಬರಲಿಲ್ಲ ಎಂದು ಹೇಳಲು ನಾಚಿಕೆಯಾಗಿ ನಾಳೆ ಎಂದೆನು! ಇದು ಸತ್ಯವೇ?"

"ಸತ್ಯ," ಎಂದ ನಾಳೆಪ್ಪ ಪಿಸುಮಾತಿನಲ್ಲಿ.

"ಏನಂದ್ರಿ?"

"ಸತ್ಯ ಸ್ವಾಮಿ."

"ಗಟ್ಟಿಯಾಗಿ ಹೇಳ್ರೀ! ಬರಲಿಲ್ವೋ, ಬಂತೋ?"

"ಬರಲಿಲ್ಲ! ನನಗೆ ಬರಲಿಲ್ಲ!" ಎಂದು ನಾಳೆಪ್ಪ ವರಾಂಡ ಅದುರುವ ಹಾಗೆ ಕೂಗಿದ. ಮೊಹರು ಧಡ್ಡೆಂದು ಬಿತ್ತು. ಎಲ್ಲರೂ ನಗುತ್ತಾರೆ ಎಂದು ಅವನು ಕಣ್ಣು ಮುಚ್ಚಿಕೊಂಡಿದ್ದ. ತೆರೆದು ನೋಡಿದರೆ ಯಾರೂ ನಗುತ್ತಿರಲಿಲ್ಲ. ಉಪ್ಪಿನವನು ಮಾತ್ರ ಹತ್ತಿರ ಬಂದು, "ನನ್ನ ಟ್ರಂಕಿನ ಕಥೇನೂ ಇದೇನಾ?" ಎಂದು ಮೆಲ್ಲಗೆ ಕೇಳಿದ. ಇಲ್ಲ, ಅದು ನಿಜವಾಗಿಯೂ ನಾಳೆ ಆಗುತ್ತದೆ ಎಂದ ನಾಳೆಪ್ಪ.

ಮುಂದಿನ ತಾರೀಖಿಗೆ ಪೆಟ್ಟಿಗೆಯನ್ನು ತರಬೇಕೆಂದು ಅಪ್ಪಣೆಯಾಯಿತು. ನಾಳೆಪ್ಪ ಅದನ್ನು ಒರೆಸಿ, ಎದೆಗವಚಿಕೊಂಡು ತಂದು ಜಡ್ಜರ ಮುಂದಿನ ಮೇಜಿನ ಮೇಲಿಟ್ಟ. ವಕೀಲಮ್ಮ ಕಡತ ಬಿಚ್ಚಿ, ಲಕೋಟೆಯಿಂದ ಹಳೆಯ ಬೀಗದಕೈ ತೆಗೆದು ಅದರ ಪಕ್ಕದಲ್ಲಿಟ್ಟರು. ಗೇಟಿನ ಇನ್ನೊಂದು ಬೀಗದಕೈ ನಮ್ಮ ಕಡೆಯೂ ಇತ್ತು ಎಂದು ತೋರಿಸಲು.

ಬೇಕರಿಯವನು ನಾಳೆಪ್ಪನ ಉತ್ತರವನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ಹಿಡಿದು ಹಿಡಿದು ಅದರ ತುಂಬ ಹಿಟ್ಟಿನ ಬೆರಳಚ್ಚು ಬಿದ್ದಿತ್ತು. "ಬರಲಿಲ್ಲ ಅಂತ ಒಂದು ಮಾತು ಅವತ್ತೇ ಅಂದಿದ್ರೆ ನಾನು ಬೇರೆಯವರ ಹತ್ರ ಹೋಗ್ತಿದ್ನಲ್ಲ ಸ್ವಾಮಿ," ಎಂದು ಅವನು ಜಡ್ಜರಿಗೆ ಹೇಳಿದ. "ನನ್ನ ಬ್ರೆಡ್ಡು ಇಟ್ಟಿಗೆ ಅಂತಾರೆ ಜನ. ನಮ್ಮಪ್ಪ ಏನು ಮಾಡ್ತಿದ್ರು ಅಂತ ನನಗೆ ಗೊತ್ತಾಗ್ತಿಲ್ಲ. ಅವರಿದ್ದಾಗ ನಾನೂ ಕೇಳಲಿಲ್ಲ."

"ಹಾಗಾದ್ರೆ ಇದನ್ನ ಒಡೆಸೋದೇನು?" ಎಂದು ಜಡ್ಜರು ಕೇಳುತ್ತಿದ್ದರು. ಇಬ್ಬರು ವಕೀಲರೂ ಒಟ್ಟಿಗೇ ಎದ್ದು, ಒಟ್ಟಿಗೇ ವಾದ ಶುರು ಮಾಡಿದರು. ಮೇಜಿನ ಪಕ್ಕದಲ್ಲಿ ಕೋರ್ಟಿನ ಜವಾನ ನಿಂತಿದ್ದ. ಮೂವತ್ತು ವರ್ಷದಿಂದ ವಾದ ಕೇಳಿ ಬೇಸತ್ತ ಮನುಷ್ಯ. ಮುಂದೆ ಒಂದು ಬೀಗದ ಕಿಂಡಿ ಇತ್ತು, ಪಕ್ಕದಲ್ಲಿ ಒಂದು ಬೀಗದಕೈ ಇತ್ತು. ಬೇರೇನೂ ಕೆಲಸವಿಲ್ಲದ್ದರಿಂದ ಅದನ್ನು ಇದರೊಳಗೆ ಹಾಕಿ ತಿರುಗಿಸಿದ.

ಟಕ್ ಎಂದಿತು.

ವಕೀಲರು ಬಾಯಿ ತೆರೆದಿದ್ದ ಹಾಗೇ ನಿಂತರು. ಜವಾನ ಬೆ‍ಚ್ಚಿ ಎರಡು ಹೆಜ್ಜೆ ಹಿಂದೆ ಸರಿದ. "ನಾನೇನೂ ಮಾಡಿಲ್ಲ ಸ್ವಾಮಿ, ಅದೇ ತೆರೆದುಕೊಳ್ತು!"

ಹದಿನೆಂಟು ತಂತಿ ಮುರಿದು, ಮೂರು ಅರ ಸವೆಸಿ, ಎರಡು ವರ್ಷ ಎರಡು ತಿಂಗಳು ನಾಚಿ ಸತ್ತಿದ್ದ ನಾಳೆಪ್ಪ ಆ ಬೀಗದಕೈಯನ್ನು ನೋಡುತ್ತಲೇ ಇದ್ದ. ಅದು ಅಷ್ಟೂ ದಿನ ಅವನ ತಲೆಯ ಮೇಲೆ, ಮೊಳೆಯಲ್ಲೇ ನೇತಾಡುತ್ತಿತ್ತು. ನಿಧಾನವಾಗಿ ಅವನಿಗೆ ಹೊಳೆಯಿತು. ದೊಡ್ಡ ಬೇಕರಿಯವರಿಗೆ ಎರಡು ಬೀಗದಕೈ ಹೊರುವುದು ಬೇಡವೆಂದು ಅಪ್ಪ ಗೇಟಿಗೂ ಪೆಟ್ಟಿಗೆಗೂ ಒಂದೇ ಕೈ ಮಾಡಿಕೊಟ್ಟಿದ್ದ. ಅಂದರೆ ಗೇಟಿನದೊಂದು ಕೈ ಪಕ್ಕದ ಮನೆಯ ಮೊಳೆಗೆ ಹೋದ ದಿನವೇ, ಪೆಟ್ಟಿಗೆಯದೂ ಹೋಗಿತ್ತು. ಅದು ಆ ಮುದುಕರಿಗೆ ಗೊತ್ತಿತ್ತು. ಗೊತ್ತಿದ್ದೂ ಅಲ್ಲೇ ಬಿಟ್ಟಿದ್ದರು.

ಅವನು ಅಷ್ಟನ್ನೂ ಗಟ್ಟಿಯಾಗಿ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಅವನ ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ.

ಬೇಕರಿಯವನು ಪೆಟ್ಟಿಗೆಯಿಂದ ಅಂಚು ಸವೆದ ಪುಸ್ತಕ ತೆಗೆದು ಮೊದಲನೆಯ ಪುಟ ಓದಿದ. ಎರಡನೆಯದು ಓದಿದ. "ಅಯ್ಯೋ," ಎಂದ. "ನಾದಿ ಒಂದು ಸಲ ಬಿಡಬೇಕಂತೆ. ಮತ್ತೆ ನಾದಬೇಕಂತೆ. ನಾನು ಒಂದೇ ಸಲ ನಾದಿ ಒಲೆಗೆ ಹಾಕ್ತಿದ್ದೆ." ಆಮೇಲೆ ಪುಸ್ತಕವನ್ನು ಮುಖಕ್ಕೆ ಒತ್ತಿಕೊಂಡು ಗೊಳೋ ಎಂದು ಅತ್ತ. ಕೋರ್ಟಿನಲ್ಲಿ ನಗುವ ಹಾಗಿಲ್ಲ ಎಂಬ ನಿಯಮವಿದೆ, ಅಳುವ ಹಾಗಿಲ್ಲ ಎಂದು ಎಲ್ಲೂ ಬರೆದಿಲ್ಲವಾದ್ದರಿಂದ ಜಡ್ಜರು ಸುಮ್ಮನಿದ್ದರು.

"ಓಣಿ ವಿಚಾರ ಏನ್ ಮಾಡೋಣ?" ಎಂದು ಅವರು ಸ್ವಲ್ಪ ಹೊತ್ತಿನ ಮೇಲೆ ಕೇಳಿದರು.

"ಇಬ್ಬರದೂ ಸ್ವಾಮಿ," ಎಂದ ಬೇಕರಿಯವನು, ಮೂಗು ಒರೆಸಿಕೊಳ್ಳುತ್ತ. "ಇವರ ಹಕ್ಕು ಅಂತಾನೇ ಬರ್ಕೊಳ್ಳಿ."

ಜಡ್ಜರು ಬರೆದುಕೊಂಡರು. ಎದ್ದು ಹೋಗುವ ಮೊದಲು ಮೊಂಡು ಪೆನ್ಸಿಲ್ಲು ಜೇಬಿಗಿಟ್ಟು, "ಅಮ್ಮಾ," ಎಂದು ಪ್ರೇಕ್ಷಕರ ಸಾಲಿನಲ್ಲಿದ್ದ ನಾಳೆಪ್ಪನ ಹೆಂಡತಿಯನ್ನು ನೋಡಿದರು. "ಮುಂದಿನ ಸಲ ನಿಮ್ಮ ಪ್ರಶ್ನೇನ ಕಿಟಕಿಯಿಂದಲೇ ಕೇಳಿಬಿಡಿ."

ಮಧ್ಯಾಹ್ನ ಗೇಟಿನ ಮುಂದೆ ಬೀದಿಯವರೆಲ್ಲ ಸೇರಿದರು. ಬೇಕರಿಯವನು ಜೇಬು, ಕಪಾಟು, ಮೂರು ಹಿಟ್ಟಿನ ಮೂಟೆ ಎಲ್ಲ ಹುಡುಕಿದ. ಹಿತ್ತಾಳೆ ಬೀಗದ ಕೀ ಸಿಗಲಿಲ್ಲ. ಅವನು ಸಂಕೋಚದಿಂದ ನಾಳೆಪ್ಪನ ಕಡೆ ತಿರುಗಿದ. "ಇದನ್ನ ತೆಗೀತೀರಾ? ಯಾವಾಗ ಆಗುತ್ತೆ?"

"ನಾಳೆ!" ಎಂದು ಬೀದಿಗೆ ಬೀದಿಯೇ ಕೂಗಿತು.

ನಾಳೆಪ್ಪ ಮಂಡಿಯೂರಿ ಕೂತು, ಎರಡು ತಂತಿ ತೂರಿಸಿ, ಕಿವಿ ಹತ್ತಿರ ಇಟ್ಟು, ನೂರು ಎಣಿಸುವಷ್ಟರಲ್ಲಿ ತೆಗೆದ. ಬೇಕರಿಯವನು ಮೊದಲು ಒಳಗೆ ಹೋಗಿ ಎಂದ, ನೀವು ಹೋಗಿ ಎಂದು ಇವನೆಂದ. ಕೊನೆಗೆ ಇಬ್ಬರೂ ಒಟ್ಟಿಗೇ ನುಗ್ಗಿ ಓಣಿಯಲ್ಲಿ ಸಿಕ್ಕಿಕೊಂಡರು. ಹೊಟ್ಟೆ ಒಳಗೆಳೆದುಕೊಂಡವನು ನಾಳೆಪ್ಪ.

ಈಗ ಬ್ರೆಡ್ಡು ಮೆತ್ತಗಿದೆ. ಬೋರ್ಡನ್ನು ತೆಗೆಸಿಬಿಡಿ ಎಂದು ಮೇಷ್ಟ್ರು ಹೇಳಿದರು, ನಾಳೆಪ್ಪ ಒಪ್ಪಲಿಲ್ಲ. ತಾನೇ ಏಣಿ ಹತ್ತಿ (ಆ ಏಣಿಯೂ ಸಿಕ್ಕಿತು, ಅದು ಮೇಷ್ಟ್ರ ಹಿತ್ತಿಲಲ್ಲೇ ಇತ್ತು) ಹಳೆಯ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಮಾತು ಸೇರಿಸಿದ: 'ಒಂದು ಬಿಟ್ಟು.' ಅದು ಯಾವುದು ಎಂದು ಹೊಸ ಗಿರಾಕಿಗಳು ಕೇಳುತ್ತಾರೆ. ಅವನು ಕೆಲಸ ನಿಲ್ಲಿಸಿ, ಪೆಟ್ಟಿಗೆಯಿಂದ ಹಿಡಿದು ಜವಾನನವರೆಗೆ ಎಲ್ಲವನ್ನೂ ಹೇಳುತ್ತಾನೆ, ಅವತ್ತೇ.